ಗೆದ್ದ ಮೇಲೂ ನಿಲ್ಲದ ಮಾತು: ವಿಯೆನ್ನಾದ ಹಕೋವಾ ಕ್ಲಬ್ ಪ್ರಕರಣ

1909ರ ಹೊತ್ತಿಗೆ ವಿಯೆನ್ನಾದ ಯಹೂದಿ ಹುಡುಗನೊಬ್ಬ ಈಜು ಕಲಿಯಲೋ ಕುಸ್ತಿ ಆಡಲೋ ಕ್ಲಬ್ ಸೇರಬೇಕೆಂದರೆ ಮೊದಲು ಅಲ್ಲಿನ ನಿಯಮಾವಳಿ ನೋಡಬೇಕಿತ್ತು. ಅನೇಕ ಕ್ಲಬ್ಬುಗಳು ‘ಆರ್ಯ ಕಲಂ’ ಅಂತ ಒಂದನ್ನು ಸೇರಿಸಿಕೊಂಡಿದ್ದವು. ಯಹೂದಿಗಳಿಗೆ ಸದಸ್ಯತ್ವ ಇಲ್ಲ, ಅಷ್ಟೇ ಅದರ ತಿರುಳು. ಹೀಗೆ ಬಾಗಿಲು ಹಾಕಿಕೊಂಡವರೇ ಆಮೇಲೆ, ‘ಯಹೂದಿ ಗಂಡಸರ ಮೈಯಲ್ಲಿ ಕಸುವೇ ಇಲ್ಲ, ಆಟೋಟ ಅವರಿಗೆ ಒಗ್ಗೋದಿಲ್ಲ’ ಎಂದು ಆಡಿಕೊಂಡು ನಗುತ್ತಿದ್ದರು.

ಆ ವರ್ಷ ಅದೇ ಊರಲ್ಲಿ ಹಕೋವಾ ಎಂಬ ಕ್ಲಬ್ ಹುಟ್ಟಿತು. ಹೀಬ್ರೂ ಭಾಷೆಯಲ್ಲಿ ಶಕ್ತಿ ಎಂದು ಅರ್ಥ. ಹುಟ್ಟುಹಾಕಿದವರಲ್ಲಿ ಇಬ್ಬರ ಹೆಸರು ಮುಖ್ಯ: ಹಲ್ಲಿನ ವೈದ್ಯ ಇಗ್ನಾಸ್ ಕ್ಯೋರ್ನರ್, ಹಾಡು ಮತ್ತು ನಗೆಬರಹ ಬರೆಯುತ್ತಿದ್ದ ಫ್ರಿಟ್ಸ್ ಲ್ಯೋನರ್-ಬೇಡಾ. ಇಬ್ಬರೂ ಪೈಲ್ವಾನರಲ್ಲ. ಯಹೂದಿ ಗಂಡಸು ಎಂದರೆ ಬಡಕಲು, ಪುಕ್ಕಲು, ಅರ್ಧ ಹೆಂಗಸು ಎಂಬ ಹಳೆಯ ಮಾತಿಗೆ ಆಟದ ಮೈದಾನದಲ್ಲೇ ಉತ್ತರ ಕೊಡಬೇಕು ಎಂಬುದು ಅವರ ಹಟ. ಆ ಉತ್ತರ ಏನಾಯಿತು, ಕೇಳಿಸಿಕೊಂಡವರು ಏನು ಮಾಡಿದರು ಎಂಬುದೇ ಈ ಪ್ರಕರಣ.

ಆ ಮಾತು ಎಲ್ಲಿಂದ ಬಂತು

ಇದು ಶತಮಾನಗಳ ಹಳೆಯ ಸರಕು. ಯಹೂದಿ ಗಂಡಸರೂ ತಿಂಗಳಿಗೊಮ್ಮೆ ಮುಟ್ಟಾಗುತ್ತಾರೆ ಎಂದು ನಂಬಿದವರು ಮಧ್ಯಯುಗದ ಕ್ರೈಸ್ತ ಯುರೋಪಿನಲ್ಲಿ ಇದ್ದರು. ಸುನ್ನತಿ ಮಾಡಿಸಿಕೊಂಡವನ ಗಂಡಸುತನವೇ ಅರ್ಧ ಎಂಬ ಕುಹಕ ಬೇರೆ. 19ನೇ ಶತಮಾನಕ್ಕೆ ಬಂದಾಗ ಇದೇ ಮಾತು ಬಿಳಿ ಕೋಟು ಹಾಕಿಕೊಂಡಿತು. ಯಹೂದಿಗಳ ಪಾದ ಚಪ್ಪಟೆ, ಉದ್ದ ನಡೆಯಲಾರರು, ಹಾಗಾಗಿ ಸೈನ್ಯಕ್ಕೆ ಲಾಯಕ್ಕಲ್ಲ ಎಂದು ವೈದ್ಯರು ಗಂಭೀರವಾಗಿ ಬರೆದರು. ಪ್ಯಾರಿಸ್ಸಿನಲ್ಲಿ ಶಾರ್ಕೊನಂಥ ದೊಡ್ಡ ನರತಜ್ಞ ಯಹೂದಿಗಳಿಗೆ ಹಿಸ್ಟೀರಿಯಾದಂಥ ನರದ ಕಾಯಿಲೆ ಜಾಸ್ತಿ ಎಂದ. ಹಿಸ್ಟೀರಿಯಾ ಹೆಂಗಸರ ಕಾಯಿಲೆ ಎಂದು ಜನ ತಿಳಿದಿದ್ದ ಕಾಲ ಅದು. ಸೂಚನೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

ವಿಯೆನ್ನಾದಲ್ಲಂತೂ 1903ರಲ್ಲಿ ಒಟ್ಟೊ ವೈನಿಂಗರ್ ಎಂಬ 23ರ ತರುಣ, ಯಹೂದಿ ಗುಣ ಎಂದರೆ ಹೆಣ್ಣಿನ ಗುಣ, ಎರಡೂ ಕೀಳು ಎಂದು ದಪ್ಪ ಪುಸ್ತಕವನ್ನೇ ಬರೆದ. ಅವನೂ ಯಹೂದಿ ಮನೆಯಲ್ಲೇ ಹುಟ್ಟಿದವನು. ಪುಸ್ತಕ ಬಂದ ವರ್ಷವೇ ಗುಂಡು ಹಾರಿಸಿಕೊಂಡು ಸತ್ತ. ಪುಸ್ತಕ ಮಾತ್ರ ಮುದ್ರಣದ ಮೇಲೆ ಮುದ್ರಣ ಕಂಡಿತು.

ತಮಾಷೆ ಅಂದರೆ, ಅದೇ ಬಾಯಿ ಇನ್ನೊಂದು ಮಾತನ್ನೂ ಆಡುತ್ತಿತ್ತು: ಯಹೂದಿ ಗಂಡಸು ಭಾರೀ ಕಾಮುಕ, ನಮ್ಮ ಹೆಣ್ಣುಮಕ್ಕಳ ಮೇಲೆ ಅವನ ಕಣ್ಣು. ಹೆಣ್ಣಿಗನೂ ಹೌದು, ಹೆಣ್ಣುಬಾಕನೂ ಹೌದು! ಈ ಎರಡು ಒಟ್ಟಿಗೆ ಹೇಗೆ ನಿಜವಾಗುತ್ತವೆ ಎಂದು ಕೇಳುವವರಿರಲಿಲ್ಲ. ದೂರವಿಡಬೇಕಾದ ಮನುಷ್ಯ ಗಟ್ಟಿಯಾದರೂ ತಪ್ಪು, ಮೆತ್ತಗಾದರೂ ತಪ್ಪು.

ಹಾಗಾದರೆ ಇದರಲ್ಲಿ ನಿಜವೇ ಇರಲಿಲ್ಲವಾ? ಬದುಕಿನ ರೀತಿಯಲ್ಲಿ ವ್ಯತ್ಯಾಸ ಇತ್ತು. ಯುರೋಪಿನ ಹೆಚ್ಚಿನ ಕಡೆ ಯಹೂದಿಗಳಿಗೆ ಶತಮಾನಗಳ ಕಾಲ ಹೊಲ ಕೊಳ್ಳಲು ಬಿಡಲಿಲ್ಲ, ಕಸುಬುದಾರರ ಸಂಘಗಳಿಗೆ ಸೇರಿಸಲಿಲ್ಲ. ಇಕ್ಕಟ್ಟಿನ ಕೇರಿ, ಸಣ್ಣ ವ್ಯಾಪಾರ, ಕೂತು ಮಾಡುವ ಕೆಲಸ. ಅದಕ್ಕಿಂತ ಮುಖ್ಯವಾಗಿ, ಪೂರ್ವ ಯುರೋಪಿನ ಯಹೂದಿ ಮನೆಗಳಲ್ಲಿ ಒಳ್ಳೆಯ ಗಂಡಸು ಎಂದರೆ ಯಾರು ಎಂಬ ಎಣಿಕೆಯೇ ಬೇರೆ ಇತ್ತು. ಧರ್ಮಗ್ರಂಥದ ಮುಂದೆ ಬೆನ್ನು ಬಗ್ಗಿಸಿ ಕೂತ, ಬಿಳಿಚಿಕೊಂಡ ಮುಖದ, ಮೆಲುದನಿಯ ಓದುಗ ಹುಡುಗನೇ ಮದುವೆ ಸಂತೆಯಲ್ಲಿ ಮೊದಲ ದರ್ಜೆಯ ವರ. ಅಂಗಡಿ ನೋಡಿಕೊಂಡು ಸಂಸಾರ ತೂಗಿಸುವುದು ಅನೇಕ ಕಡೆ ಹೆಂಡತಿಯ ಕೆಲಸ. ಕತ್ತಿ ಹಿಡಿದು ಕುದುರೆ ಏರಿದವನನ್ನು ಅವರು ಹೊಗಳುತ್ತಿರಲಿಲ್ಲ. ಒರಟ ಅನ್ನುತ್ತಿದ್ದರು.

ಈ ಎರಡು ಎಣಿಕೆಗಳು ಡಿಕ್ಕಿ ಹೊಡೆದದ್ದನ್ನು ನೋಡಲು ಸಿಗ್ಮಂಡ್ ಫ್ರಾಯ್ಡ್ ಹೇಳಿದ ಮನೆಯ ಕತೆಯೊಂದು ಸಾಕು. ಅವನಿಗೆ ಹತ್ತು ಹನ್ನೆರಡು ವಯಸ್ಸಿದ್ದಾಗ ಅಪ್ಪ ತನ್ನ ಹರೆಯದ ಒಂದು ಘಟನೆ ಹೇಳಿದ. ಶನಿವಾರ, ಒಳ್ಳೆಯ ಬಟ್ಟೆ, ತಲೆಗೆ ಹೊಸ ತುಪ್ಪಳದ ಟೋಪಿ. ಎದುರು ಬಂದ ಕ್ರೈಸ್ತನೊಬ್ಬ ಟೋಪಿಯನ್ನು ಬಡಿದು ಕೆಸರಿಗೆ ಬೀಳಿಸಿ, ‘ಯಹೂದಿ, ಕಾಲುದಾರಿಯಿಂದ ಇಳಿ’ ಎಂದು ಗದರಿದ. ‘ಆಗ ನೀನೇನು ಮಾಡಿದೆ ಅಪ್ಪಾ?’ ಎಂದು ಮಗ ಕೇಳಿದ. ‘ರಸ್ತೆಗಿಳಿದೆ, ಟೋಪಿ ಎತ್ತಿಕೊಂಡೆ’ ಎಂದು ಅಪ್ಪ ಏನೂ ಆಗದವನಂತೆ ಹೇಳಿದ. ಮಗನಿಗೆ ಅಪ್ಪ ಸಣ್ಣವನಾಗಿ ಕಂಡ. ರೋಮನ್ನರ ಮೇಲೆ ಸೇಡು ತೀರಿಸಿಕೊಳ್ಳುತ್ತೇನೆಂದು ಮಗನಿಂದ ಆಣೆ ಮಾಡಿಸಿಕೊಂಡ, ಕಾರ್ತೇಜಿನ ಸೇನಾನಿ ಹ್ಯಾನಿಬಲ್‌ನ ತಂದೆ ಅವನಿಗೆ ದೊಡ್ಡವನಾಗಿ ಕಂಡ.

ಅಪ್ಪನನ್ನು ಹೇಡಿ ಎನ್ನಲು ನನಗಂತೂ ಮನಸ್ಸು ಬರುವುದಿಲ್ಲ. ಕುಡುಕನೋ ಪುಂಡನೋ ಬಂದು ಕೆಣಕಿದಾಗ ಕೈ ಮಿಲಾಯಿಸದೆ, ಮನೆಗೆ ಸುರಕ್ಷಿತವಾಗಿ ಬಂದು, ಆ ಕತೆಯನ್ನು ನಾಚಿಕೆಯಿಲ್ಲದೆ ಮಗನಿಗೆ ಹೇಳುವುದಕ್ಕೂ ಗಟ್ಟಿತನ ಬೇಕು. ಆದರೆ ವಿಯೆನ್ನಾದಲ್ಲಿ ಬೆಳೆಯುತ್ತಿದ್ದ ಮಗ ಆಗಲೇ ಬೇರೆ ಅಳತೆಗೋಲಿನಿಂದ ಅಳೆಯುತ್ತಿದ್ದ. ಹಕೋವಾ ಕಟ್ಟಿದವರೂ ಅಂಥ ಮಕ್ಕಳ ಕಾಲದವರೇ.

ಸ್ನಾಯುವಿನ ಉತ್ತರ

1898ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯಹೂದಿಗಳಿಗೆ ಸ್ವಂತ ನಾಡು ಬೇಕೆನ್ನುವವರ, ಅಂದರೆ ಜಿಯೋನಿಸ್ಟರ, ಎರಡನೇ ಸಮ್ಮೇಳನ ನಡೆಯಿತು. ಪ್ಯಾರಿಸ್ಸಿನಲ್ಲಿ ವೈದ್ಯನಾಗಿದ್ದ ಮ್ಯಾಕ್ಸ್ ನೋರ್ಡೌ ಅಲ್ಲಿ ‘ಸ್ನಾಯುಬಲದ ಯಹೂದಿತನ’ ಬೇಕು ಎಂದ. ಕೇರಿಗಳ ಕತ್ತಲಲ್ಲಿ ನಮ್ಮ ಮೈ ಸೊರಗಿದೆ, ಎದೆ ಅಗಲವಾಗಬೇಕು, ಕೈಕಾಲು ಬಿಗಿಯಾಗಬೇಕು ಎಂಬುದು ಅವನ ವಾದ. ಅದೇ ವರ್ಷ ಬರ್ಲಿನ್ನಿನಲ್ಲಿ ಬಾರ್ ಕೋಖ್ಬಾ ಎಂಬ ಯಹೂದಿ ವ್ಯಾಯಾಮ ಸಂಘ ಶುರುವಾಯಿತು. ರೋಮನ್ನರ ವಿರುದ್ಧ ದಂಗೆ ಎದ್ದ ಹಳೆಯ ಸೇನಾನಿಯ ಹೆಸರು ಅದು.

ನೋರ್ಡೌ ಮಾಡಿದ್ದರಲ್ಲಿ ಒಂದು ತೊಡಕಿದೆ. ಯಹೂದಿದ್ವೇಷಿಗಳು ಬರೆದಿಟ್ಟ ರೋಗದ ಹೆಸರನ್ನು ಅವನು ಹಾಗೇ ಒಪ್ಪಿಕೊಂಡ, ಬದಲಿಸಿದ್ದು ಔಷಧಿಯನ್ನು ಮಾತ್ರ. ‘ಹುಟ್ಟಿನಿಂದಲೇ ಹೀಗೆ’ ಎಂದು ಅವರು, ‘ಪರಿಸ್ಥಿತಿಯಿಂದ ಹೀಗೆ’ ಎಂದು ಇವನು. ದೊಡ್ಡ ವ್ಯತ್ಯಾಸವೇ, ಒಪ್ಪೋಣ. ಆದರೆ ‘ಹೀಗೆ’ ಎಂಬುದನ್ನು ಇಬ್ಬರೂ ಒಪ್ಪಿದ್ದರು.

ಬಲ ತೋರಿಸಿದರೆ ಬಾಯಿ ಮುಚ್ಚುತ್ತಾರೆ ಎಂಬ ನಂಬಿಕೆಗೆ ಪೆಟ್ಟು ಅದಕ್ಕೂ ಮೊದಲೇ ಬಿದ್ದಿತ್ತು. ವಿಯೆನ್ನಾದ ವಿಶ್ವವಿದ್ಯಾಲಯದಲ್ಲಿ ಆಗ ಗಂಡಸುತನದ ಪರೀಕ್ಷೆ ಎಂದರೆ ಕತ್ತಿ ದ್ವಂದ್ವ. ಕೆನ್ನೆಯ ಮೇಲಿನ ಗಾಯದ ಗುರುತೇ ಪದಕ. ಯಹೂದಿ ವಿದ್ಯಾರ್ಥಿಗಳು ಕಡಿಮಾ ಎಂಬ ಸಂಘ ಕಟ್ಟಿಕೊಂಡು ಕತ್ತಿವರಸೆ ಕಲಿತರು. ಚೆನ್ನಾಗಿಯೇ ಕಲಿತರು. ಕೆಣಕಿದವರನ್ನು ಅಂಕಣಕ್ಕೆ ಕರೆದು ಸೋಲಿಸತೊಡಗಿದರು. ಆಗ ಜರ್ಮನ್ ವಿದ್ಯಾರ್ಥಿ ಸಂಘಗಳು ಏನು ಮಾಡಿದವು ಗೊತ್ತಾ? 1896ರಲ್ಲಿ ವೈಡ್‌ಹೋಫೆನ್ ಠರಾವು ಹೊರಡಿಸಿದವು. ಯಹೂದಿಗೆ ಹುಟ್ಟಿನಿಂದಲೇ ಮಾನ ಎಂಬುದಿಲ್ಲ, ಮಾನ ಇಲ್ಲದವನಿಗೆ ಅವಮಾನವೂ ಆಗುವುದಿಲ್ಲ, ಆದ್ದರಿಂದ ಅವನ ಜೊತೆ ಕತ್ತಿ ಹಿಡಿಯಬೇಕಾಗಿಲ್ಲ ಅಂತ. ನಿನ್ನೆವರೆಗೆ ‘ಕಾದಾಡಲು ಬಾರದವನು’ ಆಗಿದ್ದವನು ಇವತ್ತು ‘ಕಾದಾಟಕ್ಕೆ ಅರ್ಹನಲ್ಲದವನು’ ಆದ. ಹಕೋವಾದ ಮುಂದಿನ ಮೂವತ್ತು ವರ್ಷಗಳ ಕತೆಯೆಲ್ಲ ಈ ಠರಾವಿನಲ್ಲೇ ಇದೆ ಅನ್ನಿಸುತ್ತದೆ.

ಮೊದಲ ಮಹಾಯುದ್ಧದಲ್ಲೂ ಇದೇ ಆಯಿತು. ಆಸ್ಟ್ರಿಯಾ-ಹಂಗೇರಿಯ ಸೈನ್ಯದಲ್ಲಿ ಸುಮಾರು 3 ಲಕ್ಷ ಯಹೂದಿಗಳು ದುಡಿದರು. ಪಕ್ಕದ ಜರ್ಮನಿಯಲ್ಲಿ ಸುಮಾರು 1 ಲಕ್ಷ ಮಂದಿ. ಹೀಗಿದ್ದೂ ಯಹೂದಿಗಳು ಮುಂಚೂಣಿಗೆ ಹೋಗದೆ ತಪ್ಪಿಸಿಕೊಳ್ಳುತ್ತಿದ್ದಾರೆ ಎಂಬ ಗುಲ್ಲು ಎದ್ದಿತು. 1916ರಲ್ಲಿ ಜರ್ಮನ್ ಯುದ್ಧ ಇಲಾಖೆ ಯಹೂದಿ ಸೈನಿಕರದ್ದೇ ಪ್ರತ್ಯೇಕ ತಲೆ ಎಣಿಕೆ ಮಾಡಿಸಿತು. ಫಲಿತಾಂಶವನ್ನು ಯುದ್ಧ ಮುಗಿಯುವ ತನಕ ಪ್ರಕಟಿಸಲೇ ಇಲ್ಲ. ಗುಲ್ಲಿಗೆ ಅಷ್ಟೇ ಸಾಕಾಯಿತು. ಜರ್ಮನಿಯ ಪರ ಕಾದಾಡಿ ಸತ್ತ ಯಹೂದಿ ಸೈನಿಕರೇ ಸುಮಾರು 12,000 ಇದ್ದರು.

ಮೈದಾನದಲ್ಲಿ

ಯುದ್ಧದ ನಂತರ ಹಕೋವಾ ನಿಜಕ್ಕೂ ದೊಡ್ಡದಾಯಿತು. 1923ರಲ್ಲಿ ವಿಯೆನ್ನಾದಲ್ಲಿ ಸುಮಾರು 2 ಲಕ್ಷ ಯಹೂದಿಗಳಿದ್ದರು. ಕ್ಲಬ್ಬಿಗೆ ಸಾವಿರಾರು ಸದಸ್ಯರು. ಪ್ರಾಟರ್ ಬಯಲಿನಲ್ಲಿ ಸ್ವಂತ ಕ್ರೀಡಾಂಗಣ. ಫುಟ್‌ಬಾಲ್, ಈಜು, ಕುಸ್ತಿ, ಹಾಕಿ, ಓಟ. ನೀಲಿ-ಬಿಳಿ ಅಂಗಿ, ಎದೆಯ ಮೇಲೆ ಆರು ಮೂಲೆಯ ದಾವೀದನ ನಕ್ಷತ್ರ. ಹೆದರುವವರು ಆ ನಕ್ಷತ್ರವನ್ನು ಅಷ್ಟು ದೊಡ್ಡದಾಗಿ ಹಾಕಿಕೊಳ್ಳುವುದಿಲ್ಲ, ಅಲ್ವಾ? ಎದುರಾಳಿ ಬೆಂಬಲಿಗರು ಗಲಾಟೆ ಮಾಡಿದಾಗ ಕ್ಲಬ್ಬಿನ ಕುಸ್ತಿಪಟುಗಳೇ ಕಾವಲಿಗೆ ನಿಲ್ಲುತ್ತಿದ್ದರು. ಅವರಲ್ಲಿ ಮಿಕಿ ಹಿರ್ಷ್ಲ್ ಎಂಬ ದೈತ್ಯ 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕುಸ್ತಿಯ ಎರಡು ಕಂಚು ತಂದ.

1923ರಲ್ಲಿ ಹಕೋವಾ ತಂಡ ಲಂಡನ್ನಿಗೆ ಹೋಗಿ ವೆಸ್ಟ್ ಹ್ಯಾಮ್ ತಂಡವನ್ನು 5-0 ಗೋಲುಗಳಿಂದ ಸೋಲಿಸಿತು. ವೆಸ್ಟ್ ಹ್ಯಾಮ್ ತನ್ನ ಮುಖ್ಯ ಆಟಗಾರರನ್ನೆಲ್ಲ ಇಳಿಸಿರಲಿಲ್ಲ, ಅದನ್ನೂ ಹೇಳಿಬಿಡಬೇಕು. ಆದರೂ ಇಂಗ್ಲಿಷರ ನೆಲದಲ್ಲಿ ಇಂಗ್ಲಿಷ್ ತಂಡವನ್ನು ಯುರೋಪಿನ ಕ್ಲಬ್ಬೊಂದು ಹೀಗೆ ಬಗ್ಗುಬಡಿದದ್ದು ಆಗ ದೊಡ್ಡ ಸುದ್ದಿ.

ಅದಕ್ಕಿಂತ ಚೆಂದದ್ದು 1924-25ರ ಋತು. ಆಸ್ಟ್ರಿಯಾದ ಮೊದಲ ವೃತ್ತಿಪರ ಲೀಗ್ ಅದು. ಕೊನೆಯ ಹಂತದ ಪಂದ್ಯವೊಂದರಲ್ಲಿ ಹಕೋವಾ ಗೋಲ್‌ಕೀಪರ್ ಅಲೆಕ್ಸಾಂಡರ್ ಫಾಬಿಯನ್‌ನ ಕೈ ಮುರಿಯಿತು. ಬದಲಿ ಆಟಗಾರನನ್ನು ಇಳಿಸಲು ಆಗಿನ ನಿಯಮದಲ್ಲಿ ಅವಕಾಶ ಇರಲಿಲ್ಲ. ಕೈಗೆ ಜೋಳಿಗೆ ಕಟ್ಟಿಕೊಂಡು ಅವನು ವಾಪಸ್ ಬಂದ. ಗೋಲಿನ ಮುಂದೆ ಇನ್ನೊಬ್ಬನನ್ನು ನಿಲ್ಲಿಸಿ ತಾನು ಮುಂದಿನ ಸಾಲಿಗೆ ಹೋದ. ಗೆಲುವಿನ ಗೋಲು ಹೊಡೆದದ್ದು ಅವನೇ. ಹಕೋವಾ ಆಸ್ಟ್ರಿಯಾದ ಚಾಂಪಿಯನ್ ಆಯಿತು. ಪುಕ್ಕಲುತನದ ಮಾತಿಗೆ ಇದಕ್ಕಿಂತ ಗಟ್ಟಿ ಉತ್ತರ ಯಾರು ಕೊಟ್ಟಾರು?

ಉತ್ತರ ಕೇಳಿಸಿಕೊಂಡವರ ಬಗ್ಗೆ ವಿಯೆನ್ನಾದಲ್ಲಿ ಒಂದು ಪ್ರಸಂಗ ಹೇಳುತ್ತಿದ್ದರು. ಬೇರೆ ಕ್ಲಬ್ಬಿನ ಬೆಂಬಲಿಗನೊಬ್ಬ. ಅವತ್ತು ಹಕೋವಾ ಗೆದ್ದರೆ ಮಾತ್ರ ಅವನ ತಂಡಕ್ಕೆ ಅನುಕೂಲ. ಹಾಗಾಗಿ ಹಕೋವಾ ಆಟಗಾರನನ್ನು ಹುರಿದುಂಬಿಸಬೇಕು, ಆದರೆ ಆಟಗಾರನ ಹೆಸರು ಗೊತ್ತಿಲ್ಲ. ಮಾಮೂಲಿ ಬೈಗುಳ ಇವತ್ತು ಬಾಯಿಗೆ ತರುವ ಹಾಗಿಲ್ಲ. ಕೊನೆಗೆ ‘ಬಿಡಬೇಡಿ, ಯಹೂದಿ ಸಾಹೇಬ್ರೇ!’ ಎಂದು ಕೂಗಿದನಂತೆ. ನಗು ಬರುತ್ತದೆ ನಿಜ. ಮರ್ಯಾದೆ ಕೊಡಬೇಕಾಗಿ ಬಂದಾಗಲೂ ಅವನ ಕಣ್ಣಿಗೆ ಆಟಗಾರ ಕಾಣಲಿಲ್ಲ, ಯಹೂದಿಯೇ ಕಂಡ.

ಇನ್ನೊಂದು ಹೋಲಿಕೆ ನನ್ನನ್ನು ಜಾಸ್ತಿ ಕಾಡುತ್ತದೆ. ಅದೇ ವರ್ಷಗಳಲ್ಲಿ ವಿಯೆನ್ನಾದ ಅತಿ ಪ್ರೀತಿಯ ಫುಟ್‌ಬಾಲ್ ಆಟಗಾರ ಮಥಿಯಾಸ್ ಜಿಂಡೆಲಾರ್. ಆಡುತ್ತಿದ್ದ ಕ್ಲಬ್ಬಿಗೆ ಯಹೂದಿ ಬೆಂಬಲಿಗರು ಬಹಳ, ಆದರೆ ಅವನು ಕ್ಯಾಥಲಿಕ್. ಮೈ ಎಷ್ಟು ತೆಳು ಎಂದರೆ ಊರವರು ಅವನಿಗಿಟ್ಟ ಹೆಸರೇ ‘ಕಾಗದದ ಮನುಷ್ಯ’. ಢಿಕ್ಕಿ ಹೊಡೆಯದೆ, ನುಸುಳಿಕೊಂಡು, ತಲೆ ಓಡಿಸಿ ಆಡುತ್ತಿದ್ದ. ಅವನ ಬಡಕಲು ಮೈಯನ್ನು ಜನ ಕಲೆ ಎಂದರು, ನಾಜೂಕು ಎಂದರು, ವಿಯೆನ್ನಾದ ಸೊಗಸೇ ಇದು ಎಂದು ಕೊಂಡಾಡಿದರು. ಅಂಥದೇ ಮೈ ಒಬ್ಬ ಯಹೂದಿಗಿದ್ದರೆ ಅದು ಜನಾಂಗದ ಕುಂದು! ತೊಂದರೆ ತೆಳುವಾದ ಮೈಯಲ್ಲಿ ಇರಲಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕಾ?

ಹಕೋವಾದ ಒಳಗೂ ಎಲ್ಲ ನೇರವಾಗಿರಲಿಲ್ಲ. ಚಾಂಪಿಯನ್ ತಂಡದ ಹಲವು ಆಟಗಾರರು ಹಂಗೇರಿಯಿಂದ ಸಂಬಳ ಕೊಟ್ಟು ಕರೆತಂದವರು. ಅವರಲ್ಲೊಬ್ಬ ಬೇಲಾ ಗುಟ್‌ಮನ್. ಅಪ್ಪ ಅಮ್ಮ ನೃತ್ಯ ಹೇಳಿಕೊಡುವವರು, ಅವನೂ ಹದಿನಾರಕ್ಕೇ ನೃತ್ಯ ಶಿಕ್ಷಕನ ಪ್ರಮಾಣಪತ್ರ ಪಡೆದವನು. ‘ಸ್ನಾಯುಬಲದ ಯಹೂದಿ’ ತಂಡದ ನಡುವೆ ಒಬ್ಬ ನೃತ್ಯದ ಮೇಷ್ಟ್ರು! (ಮುಂದೆ ಇದೇ ಗುಟ್‌ಮನ್ ತರಬೇತುದಾರನಾಗಿ ಪೋರ್ಚುಗಲ್ಲಿನ ಬೆನ್ಫಿಕಾಗೆ 1961 ಮತ್ತು 1962ರಲ್ಲಿ ಯುರೋಪಿಯನ್ ಕಪ್ ಗೆಲ್ಲಿಸಿಕೊಟ್ಟ.) ನಗರದ ಸ್ಥಿತಿವಂತ ಯಹೂದಿಗಳಲ್ಲಿ ಅನೇಕರಿಗೆ ಈ ನಕ್ಷತ್ರದ ಅಂಗಿ, ಈ ಮೈ ತೋರಿಸುವ ಉತ್ಸಾಹ ಇಷ್ಟವೇ ಇರಲಿಲ್ಲ. ನಾವು ವಿಯೆನ್ನಾದವರು, ಬೇರೆ ತಂಡ ಯಾಕೆ ಎಂಬುದು ಅವರ ಪ್ರಶ್ನೆ.

1926ರಲ್ಲಿ ತಂಡ ಅಮೆರಿಕಕ್ಕೆ ಹೋಯಿತು. ನ್ಯೂಯಾರ್ಕಿನ ಪೋಲೊ ಗ್ರೌಂಡ್ಸ್‌ನಲ್ಲಿ 46,000 ಜನ ನೋಡಲು ಬಂದರು. ಅಲ್ಲಿ ಸಂಬಳ ಒಳ್ಳೆಯದು, ಬೀದಿಯಲ್ಲಿ ಬೈಗುಳ ಕಡಿಮೆ. ಗುಟ್‌ಮನ್ ಸೇರಿ ಅನೇಕ ಆಟಗಾರರು ಅಲ್ಲೇ ಉಳಿದುಕೊಂಡರು. ತಂಡದ ಬಲ ಕುಸಿಯಿತು. ಹಕೋವಾ ಫುಟ್‌ಬಾಲ್ ಮತ್ತೆ ಆ ಎತ್ತರ ಮುಟ್ಟಲಿಲ್ಲ.

ಯಾರ ಧೈರ್ಯ

ಗಂಡಸರ ಮೈಕಟ್ಟಿಗಾಗಿ ಹುಟ್ಟಿದ ಕ್ಲಬ್ಬಿನ ಅತಿ ದೊಡ್ಡ ದಿಟ್ಟತನ ತೋರಿದವರು ಹುಡುಗಿಯರು. ಯೂಡಿತ್ ಡಾಯ್ಚ್ 1935ರಲ್ಲಿ ಆಸ್ಟ್ರಿಯಾದ ವರ್ಷದ ಅತ್ಯುತ್ತಮ ಕ್ರೀಡಾಪಟು ಎಂದು ಮನ್ನಣೆ ಪಡೆದ ಈಜುಗಾರ್ತಿ. 1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಆಯ್ಕೆಯಾದಳು. ಹಿಟ್ಲರನ ಊರಿಗೆ ಈಜಲು ಹೋಗುವುದಿಲ್ಲ ಎಂದು ಅವಳು, ರೂತ್ ಲಾಂಗರ್, ಲೂಸಿ ಗೋಲ್ಡ್ನರ್ ಮೂವರೂ ಹೇಳಿಬಿಟ್ಟರು. ಯೂಡಿತ್‌ಗೆ ಆಗ ಇನ್ನೂ 18 ತುಂಬಿರಲಿಲ್ಲ, ರೂತ್‌ಗೆ 15. ಆಸ್ಟ್ರಿಯಾದ ಈಜು ಒಕ್ಕೂಟ ಅವರ ಮೇಲೆ ನಿಷೇಧ ಹೇರಿತು, ದಾಖಲೆಗಳನ್ನೂ ಪಟ್ಟಿಯಿಂದ ಅಳಿಸಿತು. ಯೂಡಿತ್‌ಗೆ ಅವಳ ಪ್ರಶಸ್ತಿಗಳು ಮರಳಿ ಸಿಕ್ಕಿದ್ದು 1995ರಲ್ಲಿ.

ಮೈಕಟ್ಟು, ಗಂಡಸುತನ, ಧೈರ್ಯ ಮೂರನ್ನೂ ಒಂದೇ ಗಂಟಿಗೆ ಕಟ್ಟಿದವರಿಗೆ ಇದು ತಲೆನೋವಿನ ಸಂಗತಿ. ಈ ಪ್ರಕರಣವನ್ನು ಬರೆಯುವವರು ಫಾಬಿಯನ್‌ನ ಮುರಿದ ಕೈ ಬಗ್ಗೆ ಪುಟಗಟ್ಟಲೆ ಬರೆದು ಈ ಮೂವರನ್ನು ಕೊನೆಯ ಸಾಲಿಗೆ ತಳ್ಳುವುದೂ ಉಂಟು.

1938ರ ಮಾರ್ಚ್‌ನಲ್ಲಿ ಜರ್ಮನಿ ಆಸ್ಟ್ರಿಯಾವನ್ನು ನುಂಗಿತು. ಹಕೋವಾ ನಿಷೇಧವಾಯಿತು, ಮೈದಾನ ಕಿತ್ತುಕೊಂಡರು, ಪಂದ್ಯಗಳ ಫಲಿತಾಂಶ ರದ್ದು ಮಾಡಿದರು. ವೃತ್ತಿಪರ ಫುಟ್‌ಬಾಲನ್ನೇ ನಿಲ್ಲಿಸಿದರು. ದುಡ್ಡಿಗಾಗಿ ಆಡುವುದು ಯಹೂದಿ ಬುದ್ಧಿಯಂತೆ. ವೈಡ್‌ಹೋಫೆನ್ ಠರಾವಿನ ಜಾಡೇ ಇದು: ಆಡಲು ಬಾರದಿದ್ದಾಗ ಮೈಯಲ್ಲಿ ದೋಷ, ಆಡಿ ಗೆದ್ದಾಗ ಗುಣದಲ್ಲಿ ದೋಷ.

ಸ್ಥಾಪಕ ಲ್ಯೋನರ್-ಬೇಡಾನನ್ನು ಮೊದಲ ದಿನಗಳಲ್ಲೇ ಹಿಡಿದರು. ಅವನು ಅಷ್ಟರಲ್ಲಿ ಫ್ರಾಂಜ್ ಲೆಹಾರ್‌ನ ಸಂಗೀತ ನಾಟಕಗಳಿಗೆ ಹಾಡು ಬರೆದು ಹೆಸರಾಗಿದ್ದ. ನಾಜಿಗಳ ಡಾಖಾವ್ ಶಿಬಿರ, ಬೂಖೆನ್‌ವಾಲ್ಡ್ ಶಿಬಿರ, ಕೊನೆಗೆ ಔಶ್‌ವಿಟ್ಸ್‌ನ ಮೋನೋವಿಟ್ಸ್ ಶಿಬಿರ. ಅಲ್ಲಿ ಐ.ಜಿ. ಫಾರ್ಬೆನ್ ಎಂಬ ಜರ್ಮನ್ ರಾಸಾಯನಿಕ ಕಂಪನಿಯ ಕಾರ್ಖಾನೆ ಕಟ್ಟುವ ಕೆಲಸ. 1942ರ ಡಿಸೆಂಬರ್‌ನಲ್ಲಿ ಕಂಪನಿಯ ದೊಡ್ಡವರು ನೋಡಲು ಬಂದಾಗ, ಈ ಯಹೂದಿ ಇನ್ನೂ ಚುರುಕಾಗಿ ಕೆಲಸ ಮಾಡಬಹುದಲ್ಲ ಎಂಬ ಮಾತು ಬಂತು. ಅವರು ಹೋದ ಮೇಲೆ ಅವನನ್ನು ಹೊಡೆದು ಕೊಂದರು. ವಯಸ್ಸು 59. ನಾಲ್ಕು ವರ್ಷಕ್ಕೂ ಮೀರಿ ಶಿಬಿರಗಳಲ್ಲಿ ಹಸಿದ ಮೈಯಿಂದ ಇನ್ನೆಷ್ಟು ಚುರುಕು ಬಂದೀತು?

1945ರಲ್ಲಿ ಬದುಕುಳಿದವರು ಸೇರಿ ಕ್ಲಬ್ಬನ್ನು ಮತ್ತೆ ಕಟ್ಟಿದರು. ಪ್ರಾಟರ್‌ನಲ್ಲಿ ಹಕೋವಾ ಹೊಸ ಕ್ರೀಡಾ ಕೇಂದ್ರ ತೆರೆದದ್ದು 2008ರಲ್ಲಿ.

ಅಳತೆಗೋಲು ಮನೆಗೆ ಬಂದಾಗ

ಹಕೋವಾ ತಪ್ಪು ಮಾಡಿತು ಎಂದು ನಾನು ಹೇಳುತ್ತಿಲ್ಲ. ಬಾಗಿಲು ಹಾಕಿದ ಊರಲ್ಲಿ ಸಾವಿರಾರು ಮಕ್ಕಳಿಗೆ ಈಜುಕೊಳ, ಕುಸ್ತಿ ಅಂಕಣ, ಗೆಳೆಯರ ಬಳಗ ಸಿಕ್ಕಿತು. ಅದು ಸಣ್ಣ ಸಂಗತಿಯಲ್ಲ. ಆದರೆ ನೋರ್ಡೌ ಎತ್ತಿಕೊಂಡ ಅಳತೆಗೋಲು ಮೈದಾನಕ್ಕಷ್ಟೇ ನಿಲ್ಲಲಿಲ್ಲ. ಇಸ್ರೇಲ್ ಹುಟ್ಟಿದಾಗ ಅಲ್ಲಿನ ಆದರ್ಶ ಗಂಡಸು ಬಿಸಿಲಿಗೆ ಕಂದಿದ, ನೇಗಿಲೂ ಬಂದೂಕೂ ಹಿಡಿದ ‘ಹೊಸ ಯಹೂದಿ’. ಶಿಬಿರಗಳಿಂದ ಬದುಕಿ ಬಂದವರು ಆ ಚಿತ್ರಕ್ಕೆ ಹೊಂದುತ್ತಿರಲಿಲ್ಲ. ‘ಕುರಿಗಳ ಹಾಗೆ ಕಟುಕನ ಬಳಿ ನಡೆದುಹೋದವರು’ ಎಂಬ ಮಾತನ್ನು ಅವರು ಕೇಳಬೇಕಾಯಿತು. ಈ ಸಲ ಆಡಿದ್ದು ಸ್ವಂತ ಜನ.

1961ರಲ್ಲಿ ಜೆರುಸಲೇಮಿನಲ್ಲಿ, ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸುವ ವ್ಯವಸ್ಥೆ ನೋಡಿಕೊಂಡಿದ್ದ ನಾಜಿ ಅಧಿಕಾರಿ ಐಖ್‌ಮನ್‌ನ ವಿಚಾರಣೆ ನಡೆಯಿತು. ಪೋಲೆಂಡಿನಲ್ಲಿದ್ದ ನಾಜಿಗಳ ಪ್ಲಾಶೋವ್ ಶಿಬಿರದಿಂದ ಬದುಕಿ ಬಂದಿದ್ದ ಮೋಶೆ ಬೈಸ್ಕಿ ಸಾಕ್ಷಿ ಕಟಕಟೆಯಲ್ಲಿದ್ದರು. ಕೈದಿಗಳ ಕಣ್ಣೆದುರೇ ಹುಡುಗನೊಬ್ಬನನ್ನು ಗಲ್ಲಿಗೇರಿಸಿದ್ದನ್ನು ಅವರು ಹೇಳಿದ್ದರು. ಸರ್ಕಾರದ ವಕೀಲ ಗಿಡಿಯೋನ್ ಹೌಸ್ನರ್ ಕೇಳಿದರು: ನೀವು 15,000 ಜನ ಇದ್ದಿರಿ, ಕಾವಲಿನವರು ನೂರರ ಲೆಕ್ಕದಲ್ಲಿದ್ದರು, ಯಾಕೆ ಮೇಲೆ ಬೀಳಲಿಲ್ಲ? ನಿಂತು ಹೇಳಲು ಆಗದೆ ಬೈಸ್ಕಿ ಕೂರಲು ಅನುಮತಿ ಕೇಳಿದರು. ಆಗಿನ ಭಯ ಎಂಥದೆಂದು ಇವತ್ತು ವಿವರಿಸಲು ಬರುವುದಿಲ್ಲ ಎಂದರು. ನಮ್ಮ ಪಕ್ಕದಲ್ಲೇ ಪೋಲಿಷ್ ಕೈದಿಗಳ ಶಿಬಿರವೂ ಇತ್ತು, ತಪ್ಪಿಸಿಕೊಂಡರೆ ಹೋಗಲು ಅವರಿಗೆ ಮನೆಯಾದರೂ ಇತ್ತು, ಅವರೂ ಓಡಲಿಲ್ಲ, ನಾವು ಎಲ್ಲಿಗೆ ಹೋಗಬೇಕಿತ್ತು ಎಂದರು. ಆ ಪೋಲಿಷ್ ಕೈದಿಗಳ ಗಂಡಸುತನದ ಬಗ್ಗೆ ಯಾವ ನ್ಯಾಯಾಲಯದಲ್ಲೂ ಯಾರೂ ಪ್ರಶ್ನೆ ಎತ್ತಿರಲಿಲ್ಲ.